ಪುಸ್ತಕ ಮುಚ್ಚಿ ಬರೆಯಿರಿ

ಕೇಳುಗರಿಗೆಲ್ಲ ನಮಸ್ಕಾರ.

ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿ ಎರಡು ತಿಂಗಳಾಗಿರುವ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಯರು, ಈ ಹೊತ್ತಿನಲ್ಲಿ ರೇಡಿಯೊದ ಮುಂದೆ ಕುಳಿತಿದ್ದಾರೆಂದು ಭಾವಿಸಿಕೊಂಡು ನಾನು ಮಾತನಾಡುತ್ತೇನೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ತೊಂಬತ್ತು ದಾಟಿದ್ದ ಹುಡುಗ, ಕಾಲೇಜಿನ ಮೊದಲ ಕಿರುಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ 25ಕ್ಕೆ 6 ಅಂಕ ತಂದಿರುತ್ತಾನೆ. ಮನೆಯಲ್ಲಿ ಎಲ್ಲರ ಮುಖವೂ ಬಾಡಿರುತ್ತದೆ. ಕಲಾ ವಿಭಾಗಕ್ಕೆ ಬದಲಾಯಿಸೋಣವೇ, ಟ್ಯೂಷನ್ನಿಗೆ ಕಳುಹಿಸೋಣವೇ ಎಂಬ ಚರ್ಚೆ ಊಟದ ಹೊತ್ತಿನಲ್ಲಿ ಶುರುವಾಗುತ್ತದೆ. ರಸಾಯನಶಾಸ್ತ್ರವನ್ನು 31 ವರ್ಷ ಪಾಠ ಮಾಡಿ ನಿವೃತ್ತನಾಗಿರುವ ನನಗೆ ಅವರಿಗೆ ಹೇಳಲು ಇರುವುದು ಮೂರೇ ಪದ: ಪುಸ್ತಕ ಮುಚ್ಚಿ ಬರೆಯಿರಿ.

ಇದನ್ನು ಮಾಡುವ ಬಗೆ ಬಹಳ ಸರಳ. ಎರಡು ಪುಟ ಓದಬೇಕು. ಪುಸ್ತಕವನ್ನು ಮುಚ್ಚಿ ಕೈಗೆಟುಕದ ಕಡೆ ಇಡಬೇಕು. ಒಂದು ಬಿಳಿ ಹಾಳೆಯ ಮೇಲೆ, ಓದಿದ್ದರಲ್ಲಿ ಏನೇನು ನೆನಪಿದೆಯೋ ಅದನ್ನೆಲ್ಲ ಬರೆಯಬೇಕು. ಲೆಕ್ಕವಾದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮಾಡಬೇಕು. ಅನಂತರ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪು ಶಾಯಿಯಲ್ಲಿ ತುಂಬಬೇಕು. ಆ ಕೆಂಪು ಅಕ್ಷರಗಳಷ್ಟೇ ನಾಳೆ ಓದಬೇಕಾದ ಭಾಗ. ತಾಯಿ ಮುದ್ದೆ ತೊಳಸುವುದನ್ನು ಹದಿನಾರು ವರ್ಷ ದಿನವೂ ನೋಡಿದ ಮಗನ ಕೈಗೆ ಒಮ್ಮೆ ಕೋಲು ಕೊಟ್ಟು ನೋಡಿ, ಪಾತ್ರೆಯ ತುಂಬ ಗಂಟೇ ಗಂಟು. ಬಿಡಿಸಿಟ್ಟ ಲೆಕ್ಕವನ್ನು ಓದಿ ತಲೆದೂಗುವುದೂ ಹಾಗೆಯೇ, ಕೋಲು ಇನ್ನೊಬ್ಬರ ಕೈಯಲ್ಲಿರುವಷ್ಟು ಹೊತ್ತು ಎಲ್ಲವೂ ಸಲೀಸಾಗಿ ಕಾಣುತ್ತದೆ.

ಇದನ್ನು ನನಗೆ ಕಲಿಸಿದವಳು ನನ್ನ ವಿದ್ಯಾರ್ಥಿನಿಯೊಬ್ಬಳು. ಆ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅನುಮತಿ ಬೇಡುತ್ತೇನೆ.

ಆಗ ನಾನು ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ಈ ಹುಡುಗಿ ದಿನವೂ ಬಸ್ಸಿನಲ್ಲಿ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಮೋಲ್ ಎಂಬ ಪರಿಕಲ್ಪನೆ ಬರುತ್ತದೆ. ಅರ್ಧ ತರಗತಿ ಮುಗ್ಗರಿಸುವುದು ಅಲ್ಲಿ. ಒಂದು ಮೋಲ್ ಎಂದರೆ ಸುಮಾರು 6.022 ಗುಣಿಸು ಹತ್ತರ ಇಪ್ಪತ್ತಮೂರನೆಯ ಘಾತದಷ್ಟು ಕಣಗಳು. ಆ ಸಂಖ್ಯೆಯ ದೈತ್ಯತನವನ್ನು ತೋರಿಸಲು ನಾನು ಪ್ರತಿವರ್ಷವೂ ಒಂದು ಲೆಕ್ಕ ಮಾಡಿಸುತ್ತಿದ್ದೆ. ಅದು ನನಗೆ ಬಹಳ ಪ್ರಿಯವಾದ ಲೆಕ್ಕ. ಒಂದು ರಾಗಿ ಕಾಳಿಗೆ ಒಂದು ಘನ ಮಿಲಿಮೀಟರ್ ಜಾಗವೆಂದು ಜಿಪುಣತನದಿಂದಲೇ ಹಿಡಿದರೂ, ಒಂದು ಮೋಲ್ ರಾಗಿಯನ್ನು ಇಡೀ ಕರ್ನಾಟಕದ ಮೇಲೆ ಸಮನಾಗಿ ಹರಡಿದರೆ ಮೂರು ಕಿಲೋಮೀಟರ್ ದಪ್ಪದ ರಾಶಿಯಾಗುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಎರಡು ಕಿಲೋಮೀಟರನ್ನೂ ಮುಟ್ಟುವುದಿಲ್ಲ, ಆದ್ದರಿಂದ ಅದೂ ರಾಗಿಯಡಿ ಹೂತುಹೋಗುತ್ತದೆ. ತರಗತಿ ಬೆರಗಾಗುತ್ತಿತ್ತು. ಈ ಹುಡುಗಿಯೂ ಬೆರಗಾದಳು, ಎಲ್ಲವನ್ನೂ ಅಂದವಾಗಿ ಬರೆದುಕೊಂಡಳು, ಕಿರುಪರೀಕ್ಷೆಯಲ್ಲಿ 25ಕ್ಕೆ 4 ಅಂಕ ಪಡೆದಳು.

ಸಿಬ್ಬಂದಿ ಕೊಠಡಿಗೆ ಕರೆದು ಕೇಳಿದೆ: "ಓದಿರಲಿಲ್ಲವೇನಮ್ಮ?" ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಪುಸ್ತಕವನ್ನು ಮುಂದಿಟ್ಟಳು. ಆ ಅಧ್ಯಾಯದಲ್ಲಿ ಹಸಿರು ಗೆರೆ ಎಳೆಯದ ಸಾಲೇ ಇರಲಿಲ್ಲ. "ಹತ್ತು ಸಲ ಓದಿದೀನಿ ಸರ್. ಓದುವಾಗ ಎಲ್ಲ ಅರ್ಥ ಆಗತ್ತೆ." ಅವಳ ಮಾತು ಸುಳ್ಳಾಗಿರಲಿಲ್ಲ. ಏನು ಹೇಳಬೇಕೆಂದು ತೋಚದೆ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟು, ಒಂದು ಹಾಳೆ ಕೊಟ್ಟೆ. ಜಲಜನಕ ಮತ್ತು ಆಮ್ಲಜನಕ ಸೇರಿ ನೀರಾಗುವ ಸಮೀಕರಣವನ್ನು ಬರೆಯಲು ಹೇಳಿದೆ. ಬರೆದಳು. ಜಲಜನಕದ ಎರಡು ಅಣು, ಆಮ್ಲಜನಕದ ಒಂದು ಅಣು, ನೀರಿನ ಎರಡು ಅಣು, ಸರಿಯಾಗಿಯೇ ದೂಗಿಸಿದ್ದಳು. ನಾಲ್ಕು ಗ್ರಾಂ ಜಲಜನಕ ಪೂರ್ತಿಯಾಗಿ ಉರಿಯಲು ಎಷ್ಟು ಗ್ರಾಂ ಆಮ್ಲಜನಕ ಬೇಕು ಎಂದು ಕೇಳಿದೆ. ಎರಡು ಗ್ರಾಂ ಎಂದು ಬರೆದಳು.

ಆ ಒಂದು ಸಾಲಿನಲ್ಲಿ ಅವಳ ಕಷ್ಟವೆಲ್ಲ ಬಯಲಾಯಿತು. ಸಮೀಕರಣದಲ್ಲಿ ಎರಡಕ್ಕೆ ಒಂದು ಎಂದಿದ್ದುದನ್ನು ಅವಳು ಎರಡು ಗ್ರಾಮಿಗೆ ಒಂದು ಗ್ರಾಂ ಎಂದು ತಿಳಿದಿದ್ದಳು. ಎಣಿಕೆಯನ್ನು ತೂಕವೆಂದು ಭಾವಿಸಿದ್ದಳು. ಹತ್ತು ಸಲ ಓದಿದಾಗಲೂ ಈ ತಪ್ಪು ಅವಳಿಗೆ ಕಾಣಿಸಿರಲಿಲ್ಲ, ಮೂರು ವಾರ ಪಾಠ ಮಾಡಿದ ನನಗೂ ಕಾಣಿಸಿರಲಿಲ್ಲ. ನಾನು ರಾಗಿ ರಾಶಿಯ ಮೇಲೆ ಕುಳಿತು ಸಂತೋಷಪಡುತ್ತಿದ್ದೆ.

ಅವಳ ಮನೆಯವರು ವೀಳ್ಯದೆಲೆ ತೋಟದವರೆಂಬುದು ನನಗೆ ಗೊತ್ತಿತ್ತು. ಎಲೆಯನ್ನು ಹೇಗೆ ಮಾರುತ್ತೀರಿ ಎಂದು ಕೇಳಿದೆ. "ಕಟ್ಟಿನ ಲೆಕ್ಕ ಸರ್, ನೂರು ಎಲೆಗೆ ಒಂದು ಕಟ್ಟು." ಎಳೆಯ ಎಲೆಯ ಕಟ್ಟೂ ಬಲಿತ ಎಲೆಯ ಕಟ್ಟೂ ಒಂದೇ ತೂಕವೇ ಎಂದೆ. ಅತ್ತಿದ್ದ ಹುಡುಗಿ ನಕ್ಕುಬಿಟ್ಟಳು. "ಅದು ಹೆಂಗಾಗತ್ತೆ ಸರ್? ಎಲೆ ದಪ್ಪ ಇದ್ರೆ ತೂಕ ಜಾಸ್ತಿ. ಎಣಿಕೆ ಮಾತ್ರ ನೂರೇ." ಅಷ್ಟು ಹೇಳಿ ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಮೋಲ್ ಅಂದ್ರೆ ಕಟ್ಟಾ ಸರ್?"

ಕಟ್ಟೇ. ನೂರು ಎಲೆಯ ಬದಲು ಆ ದೈತ್ಯ ಸಂಖ್ಯೆಯ ಅಣುಗಳ ಕಟ್ಟು. ಜಲಜನಕದ ಒಂದು ಕಟ್ಟು ಎರಡು ಗ್ರಾಂ ತೂಗುತ್ತದೆ, ಆಮ್ಲಜನಕದ ಕಟ್ಟು 32 ಗ್ರಾಂ, ನೀರಿನ ಕಟ್ಟು 18 ಗ್ರಾಂ. ತಾಂಬೂಲಕ್ಕೆ ಎರಡು ಎಲೆ, ಒಂದು ಅಡಿಕೆ. ನೂರು ತಾಂಬೂಲಕ್ಕೆ ಎರಡು ಕಟ್ಟು ಎಲೆ, ನೂರು ಅಡಿಕೆ. ಎರಡು ಕಿಲೋ ಎಲೆಗೆ ಒಂದು ಕಿಲೋ ಅಡಿಕೆಯೆಂದು ಲೆಕ್ಕ ಹಾಕಿ ಯಾರೂ ಮದುವೆಮನೆಗೆ ಸಾಮಾನು ತರುವುದಿಲ್ಲ. ಅವಳು ಹಾಳೆಯನ್ನು ತಿರುವಿ ತಾನಾಗಿಯೇ ಬರೆದಳು: ಜಲಜನಕದ ಎರಡು ಕಟ್ಟು ನಾಲ್ಕು ಗ್ರಾಂ, ಆಮ್ಲಜನಕದ ಒಂದು ಕಟ್ಟು 32 ಗ್ರಾಂ, ನೀರಿನ ಎರಡು ಕಟ್ಟು 36 ಗ್ರಾಂ. ಎಡಕ್ಕೂ 36, ಬಲಕ್ಕೂ 36. ಅಂದಿನಿಂದ ಅವಳು ಪ್ರತಿ ಸೋಮವಾರ ತಾನು ಪುಸ್ತಕ ಮುಚ್ಚಿ ಬರೆದ ಹಾಳೆಗಳ ಒಂದು ಕಂತೆಯನ್ನು ನನ್ನ ಮೇಜಿನ ಮೇಲಿಡುತ್ತಿದ್ದಳು. ಮೊದಮೊದಲು ಅವುಗಳಲ್ಲಿ ಕಪ್ಪಿಗಿಂತ ಕೆಂಪೇ ಹೆಚ್ಚಿತ್ತು. ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ 64 ಬಂತು. ಅದೇನು ಮಹಾ ಎಂದು ಕೆಲವರಿಗೆ ಅನ್ನಿಸಬಹುದು. 25ಕ್ಕೆ 4 ಬಂದಿದ್ದ ದಿನ ಅವಳ ಮುಖವನ್ನು ನೋಡಿದ್ದ ನನಗೆ ಹಾಗನ್ನಿಸಲಿಲ್ಲ.

ಇಂಥ ತಪ್ಪಿಗೆ ನಾಚಬೇಕಾಗಿಲ್ಲ ಎನ್ನುವುದಕ್ಕೆ ಇತಿಹಾಸವೇ ಸಾಕ್ಷಿ. ಪರಮಾಣು ಸಿದ್ಧಾಂತವನ್ನು ಕೊಟ್ಟ ಜಾನ್ ಡಾಲ್ಟನ್ನನೇ ನೀರನ್ನು ಒಂದು ಜಲಜನಕ, ಒಂದು ಆಮ್ಲಜನಕ ಎಂದು ಬರೆದಿದ್ದನು. ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಎಣಿಕೆಯೂ ಸಮಾನವೆಂದು ಇಟಲಿಯ ಅವೊಗಾಡ್ರೊ 1811ರಲ್ಲಿ ಹೇಳಿದರೂ, ಎಣಿಕೆ ಮತ್ತು ತೂಕದ ಈ ಗೊಂದಲ ಅರ್ಧ ಶತಮಾನ ಬಗೆಹರಿಯಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ರಸಾಯನಶಾಸ್ತ್ರಜ್ಞರ ಸಮ್ಮೇಳನದಲ್ಲಿ ಇಟಲಿಯವನೇ ಆದ ಕ್ಯಾನಿಜಾರೊ ಅವೊಗಾಡ್ರೊನ ಆ ಮಾತನ್ನು ಮತ್ತೆ ಎತ್ತಿ ಹಿಡಿಯುವ ಹೊತ್ತಿಗೆ ಅವೊಗಾಡ್ರೊ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಯೂರೋಪಿನ ಪಂಡಿತರಿಗೆ ಐವತ್ತು ವರ್ಷ ಹಿಡಿದದ್ದು ನಿಮ್ಮ ಮಗನಿಗೆ ಎರಡು ತಿಂಗಳಲ್ಲಿ ಬರಲಿಲ್ಲವೆಂದು ದಯವಿಟ್ಟು ಬೈಯಬೇಡಿ. ಪುಸ್ತಕ ಮುಚ್ಚಿ ಬರೆ ಎಂದು ಹೇಳಿ, ಸಾಕು.

ನನ್ನ ಮಾತಿಗೆ ಪ್ರಯೋಗದ ಬೆಂಬಲವೂ ಇದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಒಂದು ಗುಂಪಿನ ವಿದ್ಯಾರ್ಥಿಗಳಿಂದ ಒಂದು ಬರಹವನ್ನು ನಾಲ್ಕು ಸರದಿ ಓದಿಸಿದರು. ಇನ್ನೊಂದು ಗುಂಪಿನಿಂದ ಒಂದು ಸರದಿ ಓದಿಸಿ, ಮೂರು ಸಲ ನೋಡದೆ ಬರೆಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಓದುತ್ತಲೇ ಇದ್ದವರು ಮುಂದಿದ್ದರು. ಒಂದು ವಾರದ ಬಳಿಕ ಅವರಿಗೆ ನೆನಪಿದ್ದದ್ದು ನೂರಕ್ಕೆ ಸುಮಾರು 40 ಭಾಗ, ನೋಡದೆ ಬರೆದವರಿಗೆ ಸುಮಾರು 61 ಭಾಗ. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬಂದಿತ್ತು, ಅಲ್ಲಿ ಹೋದರೆ ಮರೆತುಹೋಯಿತು ಎಂದು ಮಕ್ಕಳು ಹೇಳುವಾಗ ನನಗೆ ಈ ಅಂಕಿಗಳೇ ನೆನಪಾಗುತ್ತವೆ.

ವೀಳ್ಯದೆಲೆಯಲ್ಲಿಯೇ ಸಮಯವೆಲ್ಲ ಕಳೆದುಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮುಚ್ಚಿ ಬರೆಯುವ ಮೊದಲ ಹಾಳೆಯನ್ನು ಧೈರ್ಯವಾಗಿ ಕನ್ನಡದಲ್ಲಿಯೇ ಬರೆಯಲಿ, ಇಂಗ್ಲಿಷ್ ಪದಗಳನ್ನು ಎರಡನೆಯ ಹಾಳೆಯಲ್ಲಿ ಕೂರಿಸಲಿ. ಪ್ರಯೋಗಾಲಯದಲ್ಲಿ ಪಕ್ಕದವನ ಬ್ಯುರೆಟ್ಟಿನ ಅಳತೆಯನ್ನು ನಕಲು ಮಾಡುವ ಚಾಳಿಯನ್ನು ಬಿಡಬೇಕು. ಟ್ಯೂಷನ್ನಿನ ವಿಷಯವಾಗಿ ಎಲ್ಲರೂ ಕೇಳುತ್ತಾರೆ. ಕಳುಹಿಸುವವರು ಕಳುಹಿಸಿ, ಆದರೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಇನ್ನೊಬ್ಬರು ಬಿಡಿಸುವ ಲೆಕ್ಕವನ್ನು ನೋಡಿ ಬಂದ ಮಗುವಿಗೆ ತಾನೇ ಬರೆಯಲು ಹೊತ್ತೆಲ್ಲಿದೆ ಎಂಬುದಕ್ಕೆ ಇಷ್ಟು ವರ್ಷಗಳಲ್ಲಿ ಯಾವ ಪೋಷಕರೂ ನನಗೆ ಉತ್ತರ ಕೊಟ್ಟಿಲ್ಲ. ಮೊಬೈಲಿನ ಪಾಠಗಳಿಗೂ ಇದೇ ಮಾತು ಸಲ್ಲುತ್ತದೆ.

ಈಗ ರೇಡಿಯೊ ಆರಿಸಿದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಹತ್ತು ಗ್ರಾಂ ಜಲಜನಕ ಪೂರ್ತಿಯಾಗಿ ಉರಿಯಲು ಎಷ್ಟು ಗ್ರಾಂ ಆಮ್ಲಜನಕ ಬೇಕು, ಆಗ ಎಷ್ಟು ಗ್ರಾಂ ನೀರು ಬರುತ್ತದೆ? ಉತ್ತರವನ್ನು ನಾನು ಹೇಳುವುದಿಲ್ಲ. ಪುಸ್ತಕವನ್ನೂ ತೆರೆಯಬೇಡಿ. ನಮಸ್ಕಾರ.