ಡಿಸೆಂಬರ್ ರಜೆಗೆ ಹಿಮ ಕಾಯುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಜಾಜಿನಗರದ ನಮ್ಮ ಮನೆಯ ಬೀರುವಿನ ಮೇಲಿನ ಅರೆಯಲ್ಲಿ ನುಸಿಗುಳಿಗೆ ಹಾಕಿ ಮಡಿಚಿಟ್ಟ ಎರಡು ದಪ್ಪ ಜಾಕೆಟ್‌ಗಳಿವೆ. ಬೆಂಗಳೂರಿನಲ್ಲಿ ಅವಕ್ಕೇನೂ ಕೆಲಸವಿಲ್ಲ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೂ ಪ್ರತಿವರ್ಷ ದೀಪಾವಳಿ ಕಳೆಯುತ್ತಿದ್ದ ಹಾಗೆ ನನ್ನ ಅಕ್ಕನ ಮಗಳ ಫೋನ್ ಬರುತ್ತದೆ. "ಚಿಕ್ಕಮ್ಮಾ, ಆ ಜಾಕೆಟ್ ಒಂದೆರಡು ವಾರಕ್ಕೆ ಬೇಕಿತ್ತು. ನಮ್ಮ ಆಫೀಸಿನವರು ಸ್ಕೀಯಿಂಗ್‌ಗೆ ಅಂತ ಗುಲ್ಮಾರ್ಗಿಗೆ ಹೊರಟಿದ್ದಾರೆ." ಗುಲ್ಮಾರ್ಗ್ ಅಂದರೆ ಕಾಶ್ಮೀರದ ಬೆಟ್ಟದೂರು, ಸ್ಕೀಯಿಂಗ್ ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ. ನಾನು ಕೇಳುವುದು ಒಂದೇ ಪ್ರಶ್ನೆ, "ಯಾವಾಗ?" ಅವಳ ಉತ್ತರವೂ ಒಂದೇ, "ಡಿಸೆಂಬರ್ ಕೊನೇ ವಾರ. ಮಕ್ಕಳಿಗೆ ರಜಾ ಅಲ್ವಾ?"

ಅಲ್ಲಿಂದ ನನ್ನ ಉಪನ್ಯಾಸ ಶುರುವಾಗುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು, ಸುಮ್ಮನಿರುವುದು ಕಷ್ಟ. ಇವತ್ತು ಅದೇ ಉಪನ್ಯಾಸ ನಿಮಗೂ.

ನಾವು ಮೊದಲ ಸಲ ಹೋದದ್ದೂ ಡಿಸೆಂಬರ್ ಕೊನೇ ವಾರವೇ. ಪ್ರವಾಸ ಏರ್ಪಡಿಸಿದವರು ಕೊಟ್ಟ ಬಣ್ಣದ ಹಾಳೆಯಲ್ಲಿ ದೇವದಾರು ಮರಗಳು ಸೊಂಟದವರೆಗೆ ಹಿಮದಲ್ಲಿ ಹೂತು ನಿಂತಿದ್ದವು. ತಂಗ್‌ಮಾರ್ಗ್ ಎಂಬ ಊರಿನಲ್ಲಿ ಗಾಡಿ ನಿಲ್ಲಿಸಿ, ಮಂಡಿಯವರೆಗಿನ ಗಮ್‌ಬೂಟು, ಯಾರ್‍ಯಾರೋ ತೊಟ್ಟು ಬಿಟ್ಟ ಉದ್ದ ಕೋಟು ಬಾಡಿಗೆಗೆ ಹಾಕಿಸಿದರು. ಅಲ್ಲಿಂದ ಹದಿಮೂರು ಕಿಲೋಮೀಟರ್ ಏರಿ ಮೇಲೆ ಬಂದು ನೋಡಿದರೆ, ಹುಲ್ಲುಗಾವಲು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿ ಒಣಗಿ ಬಿದ್ದಿತ್ತು. ಮರಗಳ ನೆರಳಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಕೊಳೆ ಹಿಡಿದ ಬಿಳಿ ತೇಪೆ. ಅದರ ಮೇಲೇ ಜನರನ್ನು ಮರದ ಗಾಡಿಯಲ್ಲಿ ಕೂರಿಸಿ ಎಳೆಯುತ್ತಿದ್ದರು. ನಮ್ಮ ಯಜಮಾನರು ಗಮ್‌ಬೂಟಿನಲ್ಲಿ ನಿಂತು ಒಂದೇ ಮಾತು ಹೇಳಿದರು: "ಇದಕ್ಕಿಂತ ಜಾಸ್ತಿ ಐಸ್ ನಮ್ಮ ಮನೆ ಫ್ರಿಜ್ಜಿನಲ್ಲಿದೆ ಕಣೇ." ಪ್ರವಾಸದವರನ್ನು ಕೇಳಿದರೆ, "ಪ್ರಕೃತಿ ನಮ್ಮ ಕೈಲಿಲ್ಲ ಮೇಡಂ." ನಿಜ. ಆದರೆ ಆ ಹಾಳೆಯಲ್ಲಿದ್ದ ಚಿತ್ರ ಫೆಬ್ರವರಿಯದು ಅಂತ ಹೇಳುವುದು ಅವರ ಕೈಲೇ ಇತ್ತಲ್ಲ!

ಡಿಸೆಂಬರಿನಲ್ಲಿ ಚಳಿ ಇಲ್ಲವೇ? ಬೇಕಾದಷ್ಟಿದೆ. ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಗಾಲಕ್ಕೆ ಕಾಶ್ಮೀರದವರು ಚಿಲ್ಲಾಯ್ ಕಲಾನ್ ಎನ್ನುತ್ತಾರೆ. ರಾತ್ರಿ ಗುಲ್ಮಾರ್ಗಿನಲ್ಲಿ ಸೊನ್ನೆಗಿಂತ ಎಂಟು, ಹತ್ತು ಡಿಗ್ರಿ ಕೆಳಗೆ ಇಳಿಯುವುದು ಮಾಮೂಲು. ಆದರೆ ಚಳಿ ಇದ್ದ ಮಾತ್ರಕ್ಕೆ ಹಿಮ ಬೀಳುವುದಿಲ್ಲ, ತೇವ ಬೇಕು. ಆ ತೇವ ನಮ್ಮ ಮುಂಗಾರಿನ ಹಾಗೆ ದಕ್ಷಿಣದ ಸಮುದ್ರದಿಂದ ಬರುವುದೂ ಅಲ್ಲ. ಮೆಡಿಟರೇನಿಯನ್ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ, ಒಂದರ ಹಿಂದೆ ಒಂದು ಬರುವ ಮೋಡದ ಅಲೆಗಳು ಅವು. ಒಂದು ವರ್ಷ ಸಾಲಾಗಿ ಬರುತ್ತವೆ, ಇನ್ನೊಂದು ವರ್ಷ ಕೈಕೊಡುತ್ತವೆ. 2024ರ ಜನವರಿ ಬಹುಪಾಲು ಗುಲ್ಮಾರ್ಗ್ ಒಣಗಿಯೇ ಇತ್ತು, ಹಿಮ ಬಿದ್ದದ್ದು ತಿಂಗಳ ಕೊನೆಗೆ. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಸರ್ಕಾರದ ಕ್ರೀಡಾಕೂಟವೇ ಕಾಯಬೇಕಾಯಿತು ಅಂದಮೇಲೆ ನಮ್ಮ ನಿಮ್ಮ ಶಾಲೆಯ ರಜಾ ಪಟ್ಟಿ ಯಾವ ಲೆಕ್ಕ?

ಹಾಗಾಗಿ ಸ್ಕೀಯಿಂಗ್ ಅಂತಲೇ ಹೋಗುವುದಾದರೆ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದ ಒಳಗೆ ಹೋಗಿ. ಅಷ್ಟು ಹೊತ್ತಿಗೆ ಒಂದರ ಮೇಲೊಂದು ಪದರ ಕೂತು ಇಳಿಜಾರು ಗಟ್ಟಿಯಾಗಿರುತ್ತದೆ. ಫೆಬ್ರವರಿ ಅಂದರೆ ಪರೀಕ್ಷೆ ಹತ್ತಿರ ಅನ್ನುತ್ತೀರಿ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಕರೆದುಕೊಂಡು ಹೋಗಿ ಅಂತ ನಾನು ಹೇಳುತ್ತಿಲ್ಲ. ಐದನೇ ಕ್ಲಾಸಿನ ಮಗು ನಾಲ್ಕು ದಿನ ರಜೆ ಹಾಕಿದರೆ ಏನೂ ಮುಳುಗಿಹೋಗುವುದಿಲ್ಲ. ಇದನ್ನು ಟೀಚರ್ ಆಗಿದ್ದವಳೇ ಹೇಳುತ್ತಿದ್ದೇನೆ.

ರಜೆ ಬದಲಾಯಿಸುವುದಕ್ಕೆ ಆಗುವುದೇ ಇಲ್ಲ ಅನ್ನುವವರು ಮೇ ತಿಂಗಳಲ್ಲಿ ಹೋಗಿ. ಹೋಗುವಾಗ ಸ್ಕೀ ಎಂಬ ಪದವನ್ನು ಮನೆಯಲ್ಲೇ ಬಿಟ್ಟು ಹೋಗಿ. ವರ್ಷಪೂರ್ತಿ ತೆರೆದಿರುವ ತಾಣ ಎನ್ನುವ ಮಾತನ್ನು ನಾವು ವರ್ಷಪೂರ್ತಿ ಜಾರಬಹುದು ಅಂತ ತಿಳಿದುಕೊಳ್ಳುತ್ತೇವೆ. ಅಂಥ ಜಾಗಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಆಸ್ಟ್ರಿಯಾದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡಿನ ಜೆರ್ಮಾಟ್, ಹೀಗೆ ಹಿಮನದಿಯ ಬೆನ್ನ ಮೇಲೆ ಕೂತವು. ಆ ಹಿಮನದಿಗಳೂ ಈಗ ಕರಗುತ್ತಾ ಕುಗ್ಗುತ್ತಿವೆ. ಗುಲ್ಮಾರ್ಗ್ ವರ್ಷಪೂರ್ತಿ ತೆರೆದಿರುವುದು ಬೇರೆ ಬೇರೆ ವೇಷದಲ್ಲಿ. ಆ ಹೆಸರಿನ ಅರ್ಥವೇ ಹೂವಿನ ಬಯಲು. ಬೇಸಿಗೆಯಲ್ಲಿ ಹಸಿರು ಹಾಸು, ಕುದುರೆ, ಗಾಲ್ಫ್ ಮೈದಾನ. ತುದಿಬೆಟ್ಟಕ್ಕೆ ಹೋದರೆ ಮೇ ತಿಂಗಳಲ್ಲೂ ಮುಟ್ಟುವುದಕ್ಕೆ ಹಿಮ. ವಯಸ್ಸಾದ ಅಪ್ಪ ಅಮ್ಮನ ಜತೆ ಹೋಗುವವರಿಗೆ ನನ್ನ ಮತ ಮೇ ತಿಂಗಳಿಗೇ.

ಇನ್ನು ಎತ್ತರದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್. ನಂದಿಬೆಟ್ಟ 1,478. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930. ಗುಲ್ಮಾರ್ಗಿನ ಹೋಟೆಲ್ ಕೋಣೆಯೇ 2,650 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಗೊಂಡೋಲಾ, ಅಂದರೆ ಹಗ್ಗದ ಮೇಲೆ ಓಡುವ ಆರು ಜನರ ಡಬ್ಬಿ, ಎರಡು ಹಂತದಲ್ಲಿ ಮೇಲೇರುತ್ತದೆ. ಮೊದಲನೆಯದು ಕೊಂಗ್‌ಡೂರಿಗೆ, 3,000 ಮೀಟರ್ ದಾಟಿ. ಎರಡನೆಯದು ಅಫರ್ವಾಟ್ ಬೆಟ್ಟದ ಹೆಗಲಿಗೆ, 3,900ಕ್ಕೂ ಮೇಲೆ. ಮೊದಲ ಹಂತ ಶುರುವಾದದ್ದು 1998ರಲ್ಲಿ, ಎರಡನೆಯದು 2005ರಲ್ಲಿ. ಮೇಲೆ ಉಸಿರಿಗೆ ಸಿಗುವ ಗಾಳಿ ಬೆಂಗಳೂರಿಗಿಂತ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಪಾಲು ಕಡಿಮೆ. ಡಬ್ಬಿಯಿಂದ ಇಳಿದವರೇ ಮಕ್ಕಳ ಹಾಗೆ ಓಡಿ ಹಿಮದ ಉಂಡೆ ಎಸೆಯಹೊರಟ ನಮ್ಮ ಯಜಮಾನರು ಹತ್ತು ಹೆಜ್ಜೆಗೆ ಏದುಸಿರು ಬಿಟ್ಟು ಕೂತರು. ಬಿ.ಪಿ., ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಎರಡನೇ ಹಂತಕ್ಕೆ ಹತ್ತಬೇಡಿ. ಹೋದ ದಿನವೇ ಮೇಲೆ ಹೋಗಬೇಡಿ, ಒಂದು ರಾತ್ರಿ ಗುಲ್ಮಾರ್ಗಿನಲ್ಲಿ ಮಲಗಿ ಮೈ ಒಗ್ಗಿಸಿಕೊಳ್ಳಿ. ಶ್ರೀನಗರದಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸಾಗುವ ಪ್ರವಾಸ ನನಗಂತೂ ಒಪ್ಪಿಗೆಯಿಲ್ಲ. ಗೊಂಡೋಲಾ ಟಿಕೆಟನ್ನು ಇಲ್ಲಿಂದಲೇ, ಆನ್‌ಲೈನ್‌ನಲ್ಲಿ ಮುಂಚಿತವಾಗಿ ಮಾಡಿಕೊಳ್ಳಬೇಕು. ಜೋರು ಗಾಳಿ ಎದ್ದರೆ ಎರಡನೇ ಹಂತ ನಿಲ್ಲಿಸುತ್ತಾರೆ. ಆದ್ದರಿಂದ ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಈಗ ಬಟ್ಟೆ. ನಮ್ಮವರು ಚಳಿ ಅಂದಕೂಡಲೇ ಹತ್ತಿ ಬನಿಯನ್ನು ಎರಡು ಹಾಕಿ, ಮೇಲೊಂದು ಸ್ವೆಟರ್, ತಲೆಗೆ ಮಂಕಿ ಕ್ಯಾಪ್ ಏರಿಸಿಬಿಡುತ್ತಾರೆ. ಮಂಕಿ ಕ್ಯಾಪ್ ಬಗ್ಗೆ ನನ್ನ ತಕರಾರಿಲ್ಲ, ಅದು ಒಳ್ಳೆಯದೇ. ತಕರಾರಿರುವುದು ಹತ್ತಿ ಬನಿಯನ್ ಮೇಲೆ. ಸ್ಕೀ ಕಲಿಯುವವರು ಹತ್ತು ಸಲ ಬಿದ್ದು ಹತ್ತು ಸಲ ಏಳುತ್ತಾರೆ, ಆ ಚಳಿಯಲ್ಲೂ ಬೆವರು ಕಿತ್ತುಕೊಂಡು ಬರುತ್ತದೆ. ಹತ್ತಿ ಆ ಬೆವರನ್ನೆಲ್ಲ ಹೀರಿಕೊಂಡು ಬೆನ್ನಿಗೆ ಅಂಟಿ, ಸ್ವಲ್ಪ ನಿಂತರೆ ಸಾಕು, ಮಂಜುಗಡ್ಡೆಯ ಪಟ್ಟಿ ಕಟ್ಟಿದ ಹಾಗಾಗುತ್ತದೆ. ಮೈಗೆ ಹತ್ತಿ ಹಾಕದೆ ಉಣ್ಣೆಯ ಅಥವಾ ಪಾಲಿಯೆಸ್ಟರ್ ಥರ್ಮಲ್ ಒಳ ಉಡುಪು, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕೂ ಮೇಲೆ ಗಾಳಿ, ನೀರು ತಡೆಯುವ ಜಾಕೆಟ್. ಮಧ್ಯದ ಪದರಕ್ಕೆ ಚಳಿಗಾಲದಲ್ಲಿ ಮೆಜೆಸ್ಟಿಕ್ ಸುತ್ತ ಟಿಬೆಟಿನವರು ಮಾರುವ ಸ್ವೆಟರೇ ಸಾಕು, ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಕಣ್ಣಿಗೆ ಗಾಗಲ್ಸ್ ಮಾತ್ರ ಬೇಕೇ ಬೇಕು. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣದಲ್ಲಿ ನೂರಕ್ಕೆ ಎಂಬತ್ತರವರೆಗೆ ಕಣ್ಣಿಗೇ ವಾಪಸ್ ಎರಚುತ್ತದೆ. ನನ್ನ ಮೂಗಿನ ತುದಿ, ಅದೂ ಕೆಳಭಾಗ, ಸುಟ್ಟು ಸಿಪ್ಪೆ ಸುಲಿದಿತ್ತು. ಬಿಸಿಲು ಕೆಳಗಿನಿಂದಲೂ ಬರುತ್ತದೆ ಅಂತ ಗೊತ್ತಿದ್ದರೆ ಅಲ್ಲಿಗೂ ಕ್ರೀಮ್ ಹಚ್ಚಿಕೊಳ್ಳುತ್ತಿದ್ದೆ.

ಎರಡನೇ ಸಲ ಫೆಬ್ರವರಿಯಲ್ಲಿ ಹೋದಾಗ ನಾನೂ ಸ್ಕೀ ಕಟ್ಟಿಕೊಂಡೆ. ನಗಬೇಡಿ, ಐವತ್ತೇಳು ವರ್ಷ ನನಗಾಗ. ಎಲ್ಲರೂ ಸ್ಕೀ ಹಲಗೆಯ ಮಾತಾಡುತ್ತಾರೆ, ನಿಜವಾದ ಸಂಗತಿ ಇರುವುದು ಬೂಟಿನಲ್ಲಿ. ಗಟ್ಟಿ ಪ್ಲಾಸ್ಟಿಕ್ಕಿನ ಆ ಬೂಟು ಕಾಲಿಗೆ ಸಿಮೆಂಟ್ ಹಾಕಿದ ಹಾಗಿರುತ್ತದೆ. ನಾನು ಚಳಿಗೆಂದು ಎರಡು ಜೊತೆ ಕಾಲುಚೀಲ ಹಾಕಿಕೊಂಡಿದ್ದೆ. ಕಲಿಸುವ ಹುಡುಗ ಬೂಟು ಬಿಚ್ಚಿಸಿ ಒಂದು ಜೊತೆ ತೆಗೆಸಿದ. ಎರಡಿದ್ದರೆ ಮಡಿಕೆ ಬಿದ್ದು ಕಾಲು ಉಜ್ಜುತ್ತದೆ, ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಒಂದೇ ಜೊತೆ, ಉದ್ದದ್ದು, ಬೂಟಿನ ಅಂಚು ದಾಟಿ ಮೇಲೆ ಬರುವಂಥದ್ದು. ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿದಾಗ ಮಂಡಿಯ ಕೆಳಗಿನ ಕಾಲಿನ ಮುಂಭಾಗ ಬೂಟಿನ ನಾಲಗೆಗೆ ಒತ್ತಬೇಕು, ಹಿಮ್ಮಡಿ ಮೇಲೇಳಬಾರದು. ಎದ್ದರೆ ಬೂಟು ದೊಡ್ಡದು ಅಂತ ಅರ್ಥ, ನಾಚಿಕೊಳ್ಳದೆ ಬದಲಾಯಿಸಿ. ಬಾಡಿಗೆ ಅಂಗಡಿಯಲ್ಲಿ ಅರ್ಧ ಗಂಟೆ ಹೋದರೂ ಪರವಾಗಿಲ್ಲ. ನಿಮ್ಮ ತೂಕ ಕೇಳುತ್ತಾರೆ, ನಿಜ ಹೇಳಿ. ಬಿದ್ದಾಗ ಹಲಗೆ ಕಾಲಿನಿಂದ ತಾನಾಗಿ ಕಳಚಿಕೊಳ್ಳಬೇಕು. ಆ ಬಿಗಿತವನ್ನು ಕೂರಿಸುವುದು ತೂಕ ನೋಡಿಯೇ. ಐದು ಕೆಜಿ ಮುಚ್ಚಿಟ್ಟರೆ ನಷ್ಟ ಮಂಡಿಗೆ.

ಮೊದಲ ದಿನ ಕಲಿಸುವುದು ನಿಲ್ಲುವುದನ್ನು. ಹಲಗೆಗಳ ಮುಂತುದಿ ಹತ್ತಿರ ತಂದು ಹಿಂಭಾಗ ಅಗಲಿಸಿದರೆ ವೇಗ ತಗ್ಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಸ್ನೋ ಪ್ಲೋ, ಅಂದರೆ ಹಿಮದ ನೇಗಿಲು ಅಂತ ಹೆಸರು. ನಮ್ಮ ಹುಡುಗ ಮಾತ್ರ "ಪಿಜ್ಜಾ ಬನಾವೋ ಮೇಡಂ, ಪಿಜ್ಜಾ!" ಅಂತ ಕೂಗುತ್ತಿದ್ದ. ಪಿಜ್ಜಾ ತುಂಡಿನ ಆಕಾರ. ನಾನು ಪಿಜ್ಜಾ ಮಾಡುವುದರೊಳಗೆ ಪಕ್ಕಕ್ಕೆ ಬಿದ್ದಾಗಿರುತ್ತಿತ್ತು. ಬೀಳುವುದಾದರೆ ಪಕ್ಕಕ್ಕೇ ಬೀಳಿ, ಮುಂದಕ್ಕೆ ಕೈಯೂರಬೇಡಿ. ಹೊರಡುವ ಒಂದು ತಿಂಗಳ ಮೊದಲಿನಿಂದ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕೂತ ಭಂಗಿಯಲ್ಲಿ ನಿಮಿಷಗಟ್ಟಲೆ ನಿಲ್ಲುವ ಅಭ್ಯಾಸ ಮಾಡಿ. ಮೂರನೇ ದಿನದ ತೊಡೆನೋವು ಅರ್ಧವಾದರೂ ತಪ್ಪುತ್ತದೆ. ಸರಿಯಾಗಿಯೇ ಕಲಿಯಬೇಕೆನ್ನುವ ಯುವಕರಿಗೆ ಗುಲ್ಮಾರ್ಗಿನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೇ ಇದೆ.

ಒಂದು ಎಚ್ಚರಿಕೆ. ಕೆಳಗಿನ ಇಳಿಜಾರು ನಮ್ಮಂಥವರದ್ದು. ಅಫರ್ವಾಟಿನ ಮೇಲಿಂದ ಗುರುತು ಹಾಕದ ದಾರಿಯಲ್ಲಿ ಜಾರುವುದು ಪಳಗಿದವರದ್ದು, ಅವರಿಗೂ ಅಪಾಯ ತಪ್ಪಿದ್ದಲ್ಲ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷದ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ವಿಮೆ ಮಾಡಿಸುವಾಗ ಸ್ಕೀಯಿಂಗ್‌ಗೆ ಅನ್ವಯಿಸುತ್ತದೆಯೇ ಅಂತ ಬಾಯಿಬಿಟ್ಟು ಕೇಳಿ. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ಪ್ರವಾಸಿಗರ ಮೇಲೆ ನಡೆದ ಉಗ್ರರ ದಾಳಿ ಯಾರಿಗೂ ಮರೆತಿಲ್ಲ. ಅದಾದ ಮೇಲೆ ಹಲವು ತಾಣಗಳನ್ನು ಮುಚ್ಚಿ, ಹಂತಹಂತವಾಗಿ ತೆರೆದರು. ಹೊರಡುವ ಮುನ್ನ ಸರ್ಕಾರದ ಪ್ರಕಟಣೆ ನೋಡಿ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ಕೋಣೆಯನ್ನೇ ಹಿಡಿಯಿರಿ.

ಹೋಗುವ ದಾರಿ ಸುಲಭ. ವಿಮಾನದಲ್ಲಿ ಸಾಮಾನ್ಯವಾಗಿ ದೆಹಲಿ ಮೇಲೆ ಶ್ರೀನಗರ. ರೈಲಿನ ಆಸೆಯಿದ್ದರೆ, 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ಓಡುತ್ತಿದೆ. ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ದಾಟುವುದಕ್ಕಾಗಿಯೇ ಒಂದು ಸಲ ಹೋಗಬಹುದು. ಶ್ರೀನಗರದಿಂದ ಗುಲ್ಮಾರ್ಗ್ ಐವತ್ತು ಕಿಲೋಮೀಟರ್ ಚಿಲ್ಲರೆ. ಹಿಮ ಬಿದ್ದ ದಿನ ತಂಗ್‌ಮಾರ್ಗಿನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು. ಹಾಂ, ಇಲ್ಲಿಯ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಇದು ಗೊತ್ತಿಲ್ಲದೆ ನಮ್ಮ ಮನೆಯಲ್ಲಿ ಮೂರು ದಿನ "ಇಬ್ಬರೂ ಎಲ್ಲಿ ಕಾಣೆಯಾದರೋ" ಅಂತ ಗಾಬರಿಯಾಗಿತ್ತು.

ನಾವು ಕನ್ನಡದವರಿಗೆ ಆಕಾಶದಿಂದ ಬೀಳುವ ಬಿಳಿ ಅಂದರೆ ಆಲಿಕಲ್ಲು. ಏಪ್ರಿಲ್ ಮಳೆಯಲ್ಲಿ ಅಂಗಳಕ್ಕೆ ಓಡಿ, ಸ್ಟೀಲ್ ಲೋಟದಲ್ಲಿ ಹಿಡಿದು, ಕರಗುವ ಮೊದಲು ಬಾಯಿಗೆ ಹಾಕಿಕೊಂಡವರು ನಾವು. ಮಂಜು ಎಂಬ ಒಂದೇ ಪದದಲ್ಲಿ ಬೆಳಗಿನ ಇಬ್ಬನಿಯಿಂದ ಹಿಮಾಲಯದವರೆಗೆ ಸುಧಾರಿಸಿಕೊಂಡವರು. ಆದರೂ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಎಂಬ ಹೆಣ್ಣುಮಗಳು ಕ್ರಾಸ್ ಕಂಟ್ರಿ ಸ್ಕೀಯಿಂಗ್, ಅಂದರೆ ಹಿಮದ ಬಯಲಿನಲ್ಲಿ ದೂರದವರೆಗೆ ಸ್ಕೀ ಮೇಲೆ ಸಾಗುವ ಆಟ, ಕಲಿತು, 2024ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಹಿಮವೇ ಬೀಳದ ಕಾಫಿ ಸೀಮೆಯಿಂದ!

ಕಳೆದ ವಾರ ಅಕ್ಕನ ಮಗಳು ಮತ್ತೆ ಫೋನ್ ಮಾಡಿದ್ದಳು. ಈ ಸಲ ಹೋಗುವವಳು ಅವಳೇ, ಗಂಡ, ಮಗನ ಜತೆ. "ಚಿಕ್ಕಮ್ಮಾ, ಫೆಬ್ರವರಿ ಎರಡನೇ ವಾರಕ್ಕೆ ಟಿಕೆಟ್ ಮಾಡಿಸಿದ್ದೇವೆ. ಮಗನ ಮಿಸ್ಸು ಒಪ್ಪುತ್ತಿಲ್ಲ, ನೀವೇ ಒಂದು ಮಾತು ಹೇಳಿ" ಅಂದಳು. ಹೇಳುತ್ತೇನೆ ಅಂದೆ. ಜಾಕೆಟ್‌ಗಳನ್ನು ಈಗಾಗಲೇ ಮಹಡಿಯ ಮೇಲೆ ಬಿಸಿಲಿಗೆ ಹಾಕಿದ್ದೇನೆ. ನುಸಿಗುಳಿಗೆಯ ವಾಸನೆ ಮಾತ್ರ ಇನ್ನೂ ಹೋಗಿಲ್ಲ.

ನಮಸ್ಕಾರ.