ಕೆರೆಯಂಚಿನ ಜೌಗು

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಕೆರೆ ಉಳಿಸುವ ಮಾತು ಬಂದಾಗಲೆಲ್ಲ ನಾವು ನೀರಿನ ಬಗ್ಗೆಯೇ ಮಾತಾಡುತ್ತೇವೆ. ಇವತ್ತು ನಾನು ಕೆರೆಯ ಅಂಚಿನ ಬಗ್ಗೆ ಹೇಳಬೇಕು. ಕಾಲಿಟ್ಟರೆ ಹೂತುಹೋಗುವ, ಜೊಂಡು ಬೆಳೆದ ಜೌಗಿನ ಬಗ್ಗೆ.

ನೀರು ತಿಳಿಯಾಗುವುದು ಅಲ್ಲೇ. ಕಾಲುವೆಯಲ್ಲಿ ರಭಸವಾಗಿ ಬಂದ ನೀರು ಜೊಂಡಿನ ನಡುವೆ ನಿಧಾನವಾಗುತ್ತದೆ. ಹೂಳು ಕೆಳಗೆ ಕೂರುತ್ತದೆ. ಬೇರಿನ ಸುತ್ತ ಇರುವ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಸಾರಜನಕ, ರಂಜಕವನ್ನು ಗಿಡಗಳು ಹೀರಿಕೊಳ್ಳುತ್ತವೆ. ಮೀನಿನ ಮರಿಗಳು ಅಡಗುವುದು, ಗುಳುಮುಳುಕ ಹಕ್ಕಿ ತೇಲುವ ಗೂಡು ಕಟ್ಟುವುದು ಈ ಆಳವಿಲ್ಲದ ನೀರಿನಲ್ಲೇ.

ಆದರೆ ಬೇಸಿಗೆಯಲ್ಲಿ ಈ ಜಾಗ ಒಣಗುತ್ತದೆ, ಸುಮ್ನೆ ಬಿದ್ದಿರುವ ಬಯಲಿನಂತೆ ಕಾಣುತ್ತದೆ. ಒಡೆದ ಕಟ್ಟಡಗಳ ಮಣ್ಣು, ಇಟ್ಟಿಗೆ ತಂದು ಸುರಿಯುವುದು ಇಲ್ಲಿಗೇ. ಆಮೇಲೆ ಲೇಔಟ್.

ಬೆಳ್ಳಂದೂರನ್ನೇ ನೋಡಿ. ಸುಮಾರು 900 ಎಕರೆಯ, ನಗರದ ಅತಿ ದೊಡ್ಡ ಕೆರೆ. ಇದರ ಕೋಡಿ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಹೋಗುತ್ತದೆ. ಮೇಲಿನ ಬಡಾವಣೆಗಳ ಕೊಳಚೆ, ಬಟ್ಟೆ ಒಗೆದ ಸೋಪಿನ ನೀರು ಎಲ್ಲ ಇದಕ್ಕೇ ಬಂತು. 2015ರಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರಿತು. ಅದೇ ವರ್ಷ ಕೆರೆಗೆ ಬೆಂಕಿ ಬಿತ್ತು. 2017, 2018ರಲ್ಲಿ ಮತ್ತೆ ಉರಿಯಿತು. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಹೊರವರ್ತುಲ ರಸ್ತೆ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ರಾಜಕಾಲುವೆ ಕಿರಿದಾಗಿ, ತಗ್ಗಿನ ನೆಲದಲ್ಲೆಲ್ಲ ಮನೆಗಳೆದ್ದ ಮೇಲೆ ನೀರು ಇನ್ನೆಲ್ಲಿ ನಿಲ್ಲಬೇಕು?

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಜಾಗವನ್ನು ಏನೂ ಕಟ್ಟದೆ ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ನನಗೆ ಇದಕ್ಕಿಂತ ಜಾಸ್ತಿ ನೋವಾಗುವುದು ಕೆರೆ ಅಭಿವೃದ್ಧಿಯ ಹೆಸರಿನ ಕೆಲಸ ಕಂಡಾಗ. ಅಂಚನ್ನೆಲ್ಲ ಅಗೆದು, ಕಲ್ಲು ಕಟ್ಟಿ, ಕೆರೆಯನ್ನು ಬಟ್ಟಲಿನಂತೆ ಮಾಡುತ್ತಾರೆ. ಮೇಲೆ ವಾಕಿಂಗ್ ದಾರಿ, ಬೆಂಚು. ನೋಡಲು ಚೆಂದ. ಆದರೆ ನೀರನ್ನು ತೊಳೆಯುತ್ತಿದ್ದ ಜೊಂಡೇ ಇರುವುದಿಲ್ಲ.

ಜಕ್ಕೂರು ಕೆರೆಯಲ್ಲಿ ಬೇರೆ ದಾರಿ ಹಿಡಿದರು. ಶುದ್ಧೀಕರಣ ಘಟಕದ ನೀರು ಜೌಗಿನ ಗಿಡಗಳ ನಡುವೆ ಹಾದು ಕೆರೆ ಸೇರುವಂತೆ ಮಾಡಿದರು. ಅಲ್ಲಿ ಮೀನುಗಾರರು ಬಲೆ ಬೀಸುತ್ತಾರೆ, ಹೆಜ್ಜಾರ್ಲೆ ಹಕ್ಕಿಗಳು ಬರುತ್ತವೆ.

ನಿಮ್ಮ ಬಡಾವಣೆಯ ಕೆರೆಗೂ ಕೆಲಸ ಮಂಜೂರಾಗಿದೆಯಾ? ನಕ್ಷೆ ತೋರಿಸಿ ಅನ್ನಿ. ಕಾಲುವೆ ಒಳಗೆ ಬರುವ ಕಡೆ ಜೌಗಿಗೆ ಎಷ್ಟು ಜಾಗ ಬಿಟ್ಟಿದ್ದೀರಿ ಅಂತ ಕೇಳಿ. ಜೆಸಿಬಿ ಕೆರೆಗೆ ಇಳಿಯುವ ಮೊದಲೇ ಕೇಳಿ. ನಮಸ್ಕಾರ.