ಕೌಂಟಿಯ ಮೈಕು ನಮಗೂ ಸಿಗುತ್ತದೆ

ನಮಸ್ಕಾರ ಕೇಳುಗರೇ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ನಮ್ಮ ಸನಿವೇಲ್ ಊರಿನ ಲಾರೆನ್ಸ್ ಎಕ್ಸ್‌ಪ್ರೆಸ್‌ವೇಯಲ್ಲಿ ಗುಂಡಿ ಬಿದ್ದಿದೆ ಅಂದುಕೊಳ್ಳಿ. ಯಾರಿಗೆ ಹೇಳುತ್ತೀರಿ? ನಮ್ಮವರು ಮೊದಲು ವಾಟ್ಸಾಪ್ ಗುಂಪಿಗೆ ಹೇಳುತ್ತಾರೆ. ನಾಲ್ಕು ಜನ ಹೌದು ಹೌದು ಅನ್ನುತ್ತಾರೆ, ಯಾರೋ ಒಬ್ಬರು ಬೆಂಗಳೂರಿನ ಗುಂಡಿಯ ಫೋಟೋ ಹಾಕಿ ಇದೇ ವಾಸಿ ಬಿಡ್ರೀ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗೀತು. ಸ್ವಲ್ಪ ಹುಮ್ಮಸ್ಸು ಇರುವವರು ಸನಿವೇಲ್ ಸಿಟಿ ಆಫೀಸಿಗೆ ಫೋನ್ ಮಾಡುತ್ತಾರೆ. ಆ ರಸ್ತೆ ನಮ್ಮದಲ್ಲ ಅನ್ನುವ ಉತ್ತರ ಬರುತ್ತದೆ. ಇದು ಜಾರಿಕೊಳ್ಳುವ ಮಾತಲ್ಲ. ಆ ರಸ್ತೆ ನಿಜವಾಗಿಯೂ ಸಿಟಿಯದ್ದಲ್ಲ.

ನಮ್ಮ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದರೆ ಊರಿನ ಕಡೆಯ ಜಿಲ್ಲೆ ಇದ್ದ ಹಾಗೆ) ಇಂಥ ಎಂಟು ಎಕ್ಸ್‌ಪ್ರೆಸ್‌ವೇಗಳಿವೆ. ಲಾರೆನ್ಸ್, ಸ್ಯಾನ್ ಟೊಮಾಸ್, ಮಾಂಟೆಗ್ಯೂ, ಫುಟ್‌ಹಿಲ್, ಹೀಗೆ. ಇವನ್ನು ನೋಡಿಕೊಳ್ಳುವುದು ಕೌಂಟಿ. ಅದೇ ಲಾರೆನ್ಸ್ ರಸ್ತೆ ಎಲ್ ಕಮೀನೊವನ್ನು ದಾಟುತ್ತದಲ್ಲ, ಆ ಎಲ್ ಕಮೀನೊ ರಾಜ್ಯ ಸರ್ಕಾರದ ಹೆದ್ದಾರಿ. ನಿಮ್ಮ ಮನೆ ಮುಂದಿನ ಬೀದಿ ಸಿಟಿಯದು. ಅಂದರೆ ಮನೆಯಿಂದ ಕಾರು ತೆಗೆದು ಹತ್ತು ನಿಮಿಷ ಓಡಿಸುವುದರೊಳಗೆ ಮೂರು ಸರ್ಕಾರಗಳ ರಸ್ತೆ ಮೇಲೆ ಹೋಗಿರುತ್ತೀರಿ. ಅರ್ಧ ದೂರುಗಳು ಕೆಲಸಕ್ಕೆ ಬಾರದೆ ಹೋಗುವುದು ತಪ್ಪು ಬಾಗಿಲು ತಟ್ಟುವುದರಿಂದಲೇ ಅಂತ ನನಗನ್ನಿಸುತ್ತದೆ.

ಸರಿ, ಕೌಂಟಿಯ ಬಾಗಿಲು ಎಲ್ಲಿದೆ? ಸ್ಯಾನ್ ಹೊಸೆಯ ಹೆಡ್ಡಿಂಗ್ ಸ್ಟ್ರೀಟಿನಲ್ಲಿ. ಸುಮಾರು 19 ಲಕ್ಷ ಜನರ ಈ ಕೌಂಟಿಗೆ ಐದೇ ಜನ ಸೂಪರ್‌ವೈಸರ್‌ಗಳು. ಒಂದೊಂದು ಭಾಗದಿಂದ ಒಬ್ಬೊಬ್ಬರು ನಾಲ್ಕು ವರ್ಷಕ್ಕೆ ಆರಿಸಿ ಬರುತ್ತಾರೆ. ಕೌಂಟಿ ಆಸ್ಪತ್ರೆಗಳು, ಜೈಲು, ಚುನಾವಣೆ ನಡೆಸುವುದು, ಸಾರ್ವಜನಿಕ ಆರೋಗ್ಯ, ದೊಡ್ಡ ದೊಡ್ಡ ಪಾರ್ಕುಗಳು, ಇವೆಲ್ಲದರ ದುಡ್ಡಿನ ಕೀಲಿಕೈ ಈ ಐದು ಜನರ ಬೋರ್ಡಿನ ಹತ್ತಿರ ಇದೆ. ಸಭೆ ಸಾಮಾನ್ಯವಾಗಿ ಮಂಗಳವಾರ. ಕೆಲಸದ ದಿನ, ಹಗಲು ಹೊತ್ತು. ಇದು ನನಗೆ ಒಂಚೂರೂ ಇಷ್ಟವಿಲ್ಲ. ಸಂಬಳಕ್ಕೆ ದುಡಿಯುವವರು ಹೇಗೆ ಹೋಗಬೇಕು ಹೇಳಿ?

ಆದರೆ ಹೋದವರಿಗೆ ಮಾತಾಡುವ ಹಕ್ಕಿದೆ. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಅವಕಾಶವಲ್ಲ, ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಬ್ರೌನ್ ಆಕ್ಟ್ ಬಂತು, ಇಂಥ ಸಭೆಗಳನ್ನು ಎಲ್ಲರೆದುರು ನಡೆಸಬೇಕು ಅನ್ನುವ ಕಾನೂನು. ಅದಕ್ಕೆ ಒಂದು ವರ್ಷ ಮುಂಚೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪತ್ರಿಕೆ, ಊರಿನ ವ್ಯವಹಾರಗಳನ್ನೆಲ್ಲ ಬಾಗಿಲು ಹಾಕಿಕೊಂಡು ಹೇಗೆ ತೀರ್ಮಾನ ಮಾಡುತ್ತಾರೆ ಅಂತ ಸರಣಿ ಲೇಖನ ಬರೆದು ಗದ್ದಲ ಎಬ್ಬಿಸಿತ್ತು. ಈಗ ಐವರಲ್ಲಿ ಮೂವರು ಗುಟ್ಟಾಗಿ ಸೇರಿ ಕೌಂಟಿಯ ವಿಷಯ ಮಾತಾಡಿಕೊಳ್ಳುವ ಹಾಗಿಲ್ಲ. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮುಂಚೆ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡಲೇಬೇಕು. ಎರಡೋ ಮೂರೋ ನಿಮಿಷ ಸಿಗುತ್ತದೆ, ಜನ ಜಾಸ್ತಿ ಇದ್ದರೆ ಒಂದೇ ನಿಮಿಷಕ್ಕೂ ಇಳಿಯಬಹುದು.

ಈಗ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಜನ ಹಿಂಜರಿಯುವುದು ಇಲ್ಲೇ. ನಾವು ವೀಸಾ ಮೇಲೆ ಇರುವವರು, ನಮಗೆ ವೋಟಿಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ ಅಂತ ಸುಮ್ನೆ ಕೂತುಬಿಡುತ್ತೇವೆ. ಹದಿನೈದು ವರ್ಷ ತೆರಿಗೆ ಕಟ್ಟಿರುತ್ತೇವೆ, ಮನೆ ಕೊಂಡಿರುತ್ತೇವೆ, ಮಕ್ಕಳು ಇಲ್ಲೇ ಹುಟ್ಟಿರುತ್ತಾರೆ, ಆದರೂ ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಅಂಜುವವರ ಹಾಗೆ ಇರುತ್ತೇವೆ. ಬೋರ್ಡ್ ಸಭೆಯ ಮೈಕಿನ ಮುಂದೆ ನಿಲ್ಲಲು ನೀವು ಸಿಟಿಜನ್ ಆಗಿರಬೇಕಾಗಿಲ್ಲ. ಸಭೆಗೆ ಬರಬೇಕಾದರೆ ಹೆಸರು ಬರೆಸಲೇಬೇಕು ಅಂತ ಹೇಳುವ ಹಾಗೂ ಇಲ್ಲ. ಇನ್ನೊಂದಿದೆ, ಇದನ್ನು ನಿಮ್ಮ ಅಪ್ಪ ಅಮ್ಮನಿಗೆ ಹೇಳಿ: ಇಂಗ್ಲಿಷ್ ಬರದಿದ್ದರೆ ಅನುವಾದ ಮಾಡುವವರನ್ನು ಜೊತೆಗಿಟ್ಟುಕೊಂಡು ಮಾತಾಡಬಹುದು, ಆಗ ಉಳಿದವರ ಎರಡರಷ್ಟು ಸಮಯ ಕೊಡಬೇಕು ಅಂತ ಅದೇ ಕಾನೂನಿನಲ್ಲಿದೆ. ಊರಿಂದ ಬಂದು ಮಗನ ಮನೆಯಲ್ಲಿರುವ ನಿಮ್ಮ ತಾಯಿ, ಪಾರ್ಕಿನಲ್ಲಿ ಕೂರಲು ಒಂದು ಬೆಂಚಿಲ್ಲ ಅಂತ ಕನ್ನಡದಲ್ಲೇ ಹೇಳಬಹುದು. ಪಕ್ಕದಲ್ಲಿ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದರೆ ಆಯ್ತು.

ಹೇಳಿದರೆ ಏನಾದರೂ ಆಗುತ್ತದಾ ಅಂತ ಕೇಳುತ್ತೀರಿ. ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದ ಕಥೆ ಕೇಳಿ. ಪೂರ್ವ ಸ್ಯಾನ್ ಹೊಸೆಯಲ್ಲಿ ಮನೆ, ಶಾಲೆಗಳ ನಡುವೆ ಇರುವ, ಕೌಂಟಿಯೇ ನಡೆಸುವ ಪುಟ್ಟ ನಿಲ್ದಾಣ. ಸುತ್ತ ಇರುವವರು ಹೆಚ್ಚಾಗಿ ಲ್ಯಾಟಿನೋ ಮತ್ತು ವಿಯೆಟ್ನಾಂ ಮೂಲದ ಕುಟುಂಬಗಳು. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ಪೆಟ್ರೋಲಿನಲ್ಲಿ ಸೀಸ ಇರುತ್ತದೆ. ಕಾರಿನ ಪೆಟ್ರೋಲಿನಿಂದ ಅದು ಅಮೆರಿಕದಲ್ಲಿ 1996ಕ್ಕೆ, ಭಾರತದಲ್ಲಿ 2000ಕ್ಕೆ ಹೋಯಿತು. ವಿಮಾನದಲ್ಲಿ ಮಾತ್ರ ಉಳಿಯಿತು. ಅಲ್ಲಿನ ಜನ ಸದ್ದು, ಅಪಘಾತದ ಭಯ, ಹೊಗೆ ಅಂತ ವರ್ಷಗಟ್ಟಲೆ ಹೇಳುತ್ತಲೇ ಇದ್ದರು. ಬಾಯಿಮಾತಿನ ದೂರನ್ನು ಬದಿಗೆ ತಳ್ಳುವುದು ಸುಲಭ, ಅಲ್ವಾ? ಕೊನೆಗೆ ಕೌಂಟಿಯೇ ಒಂದು ಅಧ್ಯಯನ ಮಾಡಿಸಿತು. 2011ರಿಂದ 2020ರವರೆಗಿನ, ಸುಮಾರು 17,000 ಮಕ್ಕಳ ರಕ್ತಪರೀಕ್ಷೆಯ ಲೆಕ್ಕ ತೆಗೆದರು. ನಿಲ್ದಾಣಕ್ಕೆ ಹತ್ತಿರ ಇದ್ದಷ್ಟೂ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ. ಗಾಳಿ ಬೀಸಿ ಹೋಗುವ ದಿಕ್ಕಿನ ಮನೆಗಳಲ್ಲಿ ಇನ್ನೂ ಜಾಸ್ತಿ.

ಇದು ಹೊರಬಂದದ್ದು 2021ರ ಆಗಸ್ಟಿನಲ್ಲಿ. ಅದೇ ತಿಂಗಳು ಬೋರ್ಡ್ ತೀರ್ಮಾನ ಮಾಡಿತು, 2022ರ ಜನವರಿ 1ರಿಂದ ಅಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿತು. 2023ರ ಅಕ್ಟೋಬರಿನಲ್ಲಿ ಅಮೆರಿಕದ ಪರಿಸರ ಇಲಾಖೆಯೂ ವಿಮಾನದ ಸೀಸದಿಂದ ಜನರ ಆರೋಗ್ಯಕ್ಕೆ ಅಪಾಯ ಇದೆ ಅಂತ ಒಪ್ಪಿಕೊಂಡಿತು. ನಿಲ್ದಾಣವನ್ನೇ ಮುಚ್ಚಬೇಕು ಅನ್ನುವ ಬೇಡಿಕೆಗೆ ಬೇರೆ ತೊಡಕಿದೆ. ಹಿಂದೆ ಕೇಂದ್ರದ ವಿಮಾನಯಾನ ಇಲಾಖೆಯಿಂದ ತೆಗೆದುಕೊಂಡ ಅನುದಾನದ ಷರತ್ತು 2031ರವರೆಗೆ ಕೌಂಟಿಯ ಕೈ ಕಟ್ಟಿದೆ. ಸೀಸದ ಪೆಟ್ರೋಲ್ ನಿಲ್ಲಿಸಿದ್ದಕ್ಕೇ ಆ ಇಲಾಖೆ ಕೌಂಟಿಯ ಮೇಲೆ ವಿಚಾರಣೆ ಶುರುಮಾಡಿತು. ಪೈಲಟ್‌ಗಳದ್ದೂ ಒಂದು ವಾದ ಇತ್ತು, ತಮ್ಮ ಎಂಜಿನ್ನಿಗೆ ಒಗ್ಗದ ಇಂಧನ ತಪ್ಪಿ ತುಂಬಿಸಿಕೊಂಡರೆ ಅಪಾಯ ಅಂತ. ಅದನ್ನು ಸುಳ್ಳು ಅನ್ನಲಾಗದು. ಆದರೂ ಮಕ್ಕಳ ರಕ್ತದ ಲೆಕ್ಕ ಮುಂದಿಟ್ಟ ಮೇಲೆ ತಕ್ಕಡಿ ಯಾವ ಕಡೆ ವಾಲಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಅಂದಹಾಗೆ ಆ ನಿಲ್ದಾಣ, ನಿಮ್ಮ ಲಾರೆನ್ಸ್ ರಸ್ತೆಯ ಗುಂಡಿ, ಎರಡೂ ಒಂದೇ ಇಲಾಖೆಯ ಕೈಲಿವೆ. ರೋಡ್ಸ್ ಅಂಡ್ ಏರ್‌ಪೋರ್ಟ್ಸ್ ಅಂತಲೇ ಅದರ ಹೆಸರು. ಗುಂಡಿಗೆಲ್ಲ ಬೋರ್ಡ್ ಸಭೆಗೆ ಹೋಗಬೇಡಿ, ಇಲಾಖೆಗೆ ನೇರ ತಿಳಿಸಿ. ಬೋರ್ಡಿನ ಮುಂದೆ ಹೋಗಬೇಕಾದ್ದು ದುಡ್ಡು, ನಿಯಮ, ನೀತಿಯ ವಿಷಯಕ್ಕೆ.

ಅಲ್ಲಿ ಹೋದಾಗ ಒಂದು ನೆನಪಿಡಿ. ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ನೀವು ಹೇಳಬಹುದು, ಅವರು ಕೇಳಿಸಿಕೊಳ್ಳಬಹುದು, ಆದರೆ ಅವತ್ತೇ ತೀರ್ಮಾನ ಮಾಡಲು ಕಾನೂನು ಬಿಡುವುದಿಲ್ಲ. ಹೆಚ್ಚೆಂದರೆ ಅಧಿಕಾರಿಗಳಿಗೆ ನೋಡಿ ಅಂತ ವಹಿಸುತ್ತಾರೆ. ಅಷ್ಟು ಹೇಳಿದೆ, ಐದೂ ಜನ ಮುಖ ನೋಡಿಕೊಂಡು ಕೂತಿದ್ದರು ಅಂತ ಬೇಜಾರು ಮಾಡಿಕೊಂಡು ಬರಬೇಡಿ. ಅದಕ್ಕೇ ಮುಂಚೆಯೇ ನಿಮ್ಮ ಭಾಗದ ಸೂಪರ್‌ವೈಸರ್ ಕಚೇರಿಗೆ ಬರೆದು, ಇದನ್ನು ಅಜೆಂಡಾಕ್ಕೆ ಹಾಕಿಸಿ ಅಂತ ಕೇಳಬೇಕು. ಮಂಗಳವಾರ ರಜೆ ಸಿಗದವರು ಬೋರ್ಡಿನ ಕ್ಲರ್ಕ್‌ಗೆ ಇಮೇಲ್ ಕಳಿಸಿದರೂ ಆದೀತು.

ಕೇಳುವುದು ದುಡ್ಡಿನ ವಿಷಯ ಆದರೆ ಇನ್ನೂ ಬೇಗ ಹೋಗಿ. ಕೌಂಟಿಯ ಲೆಕ್ಕದ ವರ್ಷ ಜುಲೈ 1ಕ್ಕೆ ಶುರು. ಬಜೆಟ್ ಚರ್ಚೆ ಮೇ, ಜೂನ್‌ನಲ್ಲೇ ನಡೆದುಹೋಗುತ್ತದೆ. ನಾವು ಯುಗಾದಿ ಕಾರ್ಯಕ್ರಮ ಮುಗಿಸಿ ಬೇಸಿಗೆಗೆ ಊರಿನ ಟಿಕೆಟ್ ಹುಡುಕುತ್ತಾ ಇರುತ್ತೇವಲ್ಲ, ಆಗಲೇ ಬರೆಯಬೇಕು. ಆಗಸ್ಟಿನಲ್ಲಿ ವಾಪಸ್ ಬಂದು ಕೇಳಿದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.